ಸ್ವರವಿದ್ದ ಪದಕ್ಕೆ ಮತ್ತೊಂದು ಸ್ವರ

ರಬ್ಬಿಗಳೆಂಬ ಯಹೂದಿ ಧರ್ಮಗುರುಗಳ ಚರ್ಚೆಗಳ ಸಂಗ್ರಹವಾದ ಬ್ಯಾಬಿಲೋನಿಯದ ತಾಲ್ಮುಡ್‌ನಲ್ಲಿ ವಿಚಿತ್ರವಾದ ಒಂದು ದೂರು ದಾಖಲಾಗಿದೆ. ಹೀಬ್ರೂ ಬೈಬಲಿನ ಪ್ರೇಮಕಾವ್ಯವಾದ ಪರಮಗೀತದ ಒಂದು ವಾಕ್ಯವನ್ನು ಎತ್ತಿಕೊಂಡು ಅದನ್ನು ಸಾಮಾನ್ಯ ಹಾಡಿನಂತೆ ಹಾಡುವವನು ಲೋಕಕ್ಕೆ ಕೇಡು ತರುತ್ತಾನೆ. ಆಗ ಯಹೂದಿಗಳ ಧರ್ಮಗ್ರಂಥವಾದ ತೋರಾ ಗೋಣಿತಟ್ಟು ಉಟ್ಟು ದೇವರ ಮುಂದೆ ನಿಂತು, ನಿನ್ನ ಮಕ್ಕಳು ನನ್ನನ್ನು ಗೇಲಿಗಾರರು ನುಡಿಸುವ ತಂತಿವಾದ್ಯವಾಗಿಸಿಬಿಟ್ಟರು ಎಂದು ಮೊರೆಯಿಡುತ್ತದೆ. ಸನ್ಹೆದ್ರಿನ್ ಎಂಬ ಭಾಗದ 101ನೇ ಹಾಳೆಯಲ್ಲಿ ಈ ಮಾತಿದೆ. ಅದೇ ತಾಲ್ಮುಡ್‌ನ ಮೆಗಿಲ್ಲಾ ಎಂಬ ಭಾಗದ 32ನೇ ಹಾಳೆಗೆ ಬಂದರೆ ಇದರ ತದ್ವಿರುದ್ಧವೆಂಬಂತೆ ಇನ್ನೊಂದು ಮಾತು ಎದುರಾಗುತ್ತದೆ: ರಾಗವಿಲ್ಲದೆ ಗ್ರಂಥವನ್ನು ಓದುವವನಿಗೆ, ಧಾಟಿಯಿಲ್ಲದೆ ಪಾಠವನ್ನು ಕಲಿಯುವವನಿಗೆ, ಒಳಿತಲ್ಲದ ಕಟ್ಟಳೆಗಳನ್ನು ಅವರಿಗೆ ಕೊಟ್ಟೆನು ಎಂಬ ಪ್ರವಾದಿ ಯೆಹೆಜ್ಕೇಲನ ವಾಕ್ಯವು ಅನ್ವಯಿಸುತ್ತದೆ ಎಂದು ರಬ್ಬಿ ಯೋಹಾನಾನ್ ಹೇಳಿದ್ದಾರೆ. ಹಾಡಿದರೆ ತಪ್ಪು, ಹಾಡದಿದ್ದರೂ ತಪ್ಪು ಎಂದು ಇದನ್ನು ನಗೆಯಾಡಬಹುದು. ಆದರೆ ಎರಡನ್ನೂ ಒಟ್ಟಿಗಿಟ್ಟು ಓದಿದಾಗ ವಿವಾದವು ಸಂಗೀತ ಬೇಕೋ ಬೇಡವೋ ಎಂಬುದರದ್ದಲ್ಲ, ಯಾವ ಸಂಗೀತ ಎಂಬುದರದ್ದು ಎನ್ನುವುದು ಸ್ಪಷ್ಟವಾಗುತ್ತದೆ. ಹೀಬ್ರೂ ಪವಿತ್ರಪಠ್ಯವನ್ನು ಇಂದಿನ ಸಂಗೀತಕ್ಕೆ ಅಳವಡಿಸುವವರೆಲ್ಲರೂ, ಅದು ನ್ಯೂಯಾರ್ಕಿನ ವಾದ್ಯವೃಂದವಿರಲಿ ಟೆಲ್ ಅವೀವ್‌ನ ಪಾಪ್ ಗಾಯಕರಿರಲಿ, ಈ ಎರಡು ಹಾಳೆಗಳ ನಡುವೆಯೇ ನಿಂತಿದ್ದಾರೆ.

ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಈ ಪಠ್ಯಕ್ಕೆ ಆಗಲೇ ಒಂದು ಸಂಗೀತವಿದೆ. ಗಲಿಲಾಯದ ಸರೋವರದ ದಂಡೆಯ ತಿಬೇರಿಯ ಪಟ್ಟಣದಲ್ಲಿ ಮಸೋರೆಟರೆಂಬ ಲಿಪಿಕಾರ ಪಂಡಿತರು 10ನೇ ಶತಮಾನದ ಹೊತ್ತಿಗೆ ಪೂರ್ಣಗೊಳಿಸಿದ ಪಾಠದಲ್ಲಿ ಪ್ರತಿ ಪದದ ಮೇಲೋ ಕೆಳಗೋ ಒಂದು ಸಣ್ಣ ಗುರುತು ಇರುತ್ತದೆ. ಸುಮಾರು 930ರ ಅಲೆಪ್ಪೊ ಹಸ್ತಪ್ರತಿಯಲ್ಲಿ ಇವು ಸಂಪೂರ್ಣ ರೂಪದಲ್ಲಿ ಕಾಣಿಸುತ್ತವೆ. ಇವುಗಳಿಗೆ ತೆಆಮೀಮ್ ಎಂದು ಹೆಸರು. ಅದರ ಏಕವಚನವಾದ ತಆಮ್ ಎಂಬುದಕ್ಕೆ ರುಚಿ ಎಂದೂ ಅರ್ಥವಿದೆ, ತಾತ್ಪರ್ಯ ಎಂದೂ ಅರ್ಥವಿದೆ. ಋಗ್ವೇದದ ಅಚ್ಚಾದ ಪುಸ್ತಕಗಳಲ್ಲಿ ಅಕ್ಷರದ ಮೇಲಿನ ಗೀಟನ್ನೂ ಕೆಳಗಿನ ಅಡ್ಡಗೆರೆಯನ್ನೂ ಕಂಡವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಆದರೆ ಹೀಬ್ರೂ ಗುರುತುಗಳ ಕೆಲಸ ಇನ್ನೂ ಹೆಚ್ಚಿನದು. ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳಬೇಕು ಎಂಬುದನ್ನು ಅವು ಸಾಮಾನ್ಯವಾಗಿ ತೋರಿಸುತ್ತವೆ, ವಾಕ್ಯವು ಎಲ್ಲಿ ಒಡೆಯುತ್ತದೆ ಎಲ್ಲಿ ಕೂಡುತ್ತದೆ ಎಂಬುದನ್ನು ಹೇಳುತ್ತವೆ, ಇವೆರಡರ ಜೊತೆಗೆ ಆ ಪದವನ್ನು ಯಾವ ಸ್ವರಗುಚ್ಛದಲ್ಲಿ ಹಾಡಬೇಕು ಎಂಬುದನ್ನೂ ಸೂಚಿಸುತ್ತವೆ. ವ್ಯಾಕರಣ, ವ್ಯಾಖ್ಯಾನ, ಗಾಯನ ಮೂರೂ ಒಂದೇ ಚುಕ್ಕೆಯಲ್ಲಿ ಅಡಗಿವೆ.

ಒತ್ತಿನ ವಿಷಯ ಕನ್ನಡಿಗರಿಗೆ ಕ್ಷುಲ್ಲಕವೆನಿಸಬಹುದು, ಏಕೆಂದರೆ ನಮ್ಮಲ್ಲಿ ಅರ್ಥವನ್ನು ಬದಲಿಸುವುದು ಒತ್ತಲ್ಲ, ಹ್ರಸ್ವದೀರ್ಘ. ಗಾಯಕ 'ಬಲ'ವನ್ನು ಎಳೆದು 'ಬಾಲ' ಮಾಡಿದರೆ ಸಭೆ ನಗುತ್ತದೆ. ಹೀಬ್ರೂವಿನಲ್ಲಿ ಅದೇ ಅನಾಹುತ ಒತ್ತಿನಿಂದ ಆಗುತ್ತದೆ. ಆದಿಕಾಂಡದ 29ನೇ ಅಧ್ಯಾಯದಲ್ಲಿ ಬಾವಿಯ ಬಳಿ ಕುರುಬರು ಯಾಕೋಬನಿಗೆ, ಅಗೋ ರಾಹೇಲಳು ಕುರಿಗಳೊಂದಿಗೆ ಬರುತ್ತಿದ್ದಾಳೆ ಎನ್ನುತ್ತಾರೆ. ಮೂರು ವಾಕ್ಯ ಕಳೆದ ಮೇಲೆ ಕಥೆಗಾರನು ರಾಹೇಲಳು ಬಂದಳು ಎನ್ನುತ್ತಾನೆ. ಎರಡೂ ಕಡೆ ಇರುವುದು 'ಬಾಆ' ಎಂಬ ಒಂದೇ ಪದ, ಅವೇ ಅಕ್ಷರಗಳು. ಕೊನೆಯ ಅಕ್ಷರಕ್ಕೆ ಒತ್ತು ಕೊಟ್ಟರೆ ಬರುತ್ತಿದ್ದಾಳೆ, ಮೊದಲ ಅಕ್ಷರಕ್ಕೆ ಕೊಟ್ಟರೆ ಬಂದಳು. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಇದನ್ನು ಗುರುತಿಸಿ ವಿವರಿಸಿದ್ದಾನೆ. ಹೊಸದಾಗಿ ಸ್ವರ ಸಂಯೋಜಿಸುವವನು ತಾಳದ ಪೆಟ್ಟನ್ನು ಎಲ್ಲಿ ಇಡುತ್ತಾನೆ ಎಂಬುದು, ಹೀಗಾಗಿ, ಅವನ ಅಭಿರುಚಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ.

ಹಾಗೆಂದು ಈ ಗುರುತುಗಳು ಒಂದೇ ನಿಶ್ಚಿತ ರಾಗವನ್ನು ಕೊಡುತ್ತವೆ ಎಂದುಕೊಳ್ಳಬಾರದು. ಯೆಮೆನ್, ಮೊರಾಕ್ಕೊ, ಇರಾಕ್, ಪೋಲೆಂಡ್ ಹೀಗೆ ಬೇರೆಬೇರೆ ನಾಡುಗಳ ಯಹೂದಿ ಸಮುದಾಯಗಳು ಅದೇ ಗುರುತುಗಳನ್ನು ಬೇರೆಬೇರೆ ಧಾಟಿಯಲ್ಲಿ ಹಾಡುತ್ತವೆ. ಒಂದೇ ಸಮುದಾಯವೂ ತೋರಾಕ್ಕೆ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳಿಗೆ, ಒಂದು ಧಾಟಿ, ಪ್ರವಾದಿಗಳ ಗ್ರಂಥಕ್ಕೆ ಇನ್ನೊಂದು, ಪ್ರಲಾಪಗಳೆಂಬ ಶೋಕಗೀತೆಗಳ ಪುಸ್ತಕಕ್ಕೆ ಮತ್ತೊಂದು ಎಂದು ಇಟ್ಟುಕೊಂಡಿರುತ್ತದೆ. 20ನೇ ಶತಮಾನದ ಆರಂಭದಲ್ಲಿ ಎ. ಝಡ್. ಇಡೆಲ್‌ಸೋನ್ ಎಂಬ ವಿದ್ವಾಂಸ ಜೆರುಸಲೇಮಿನಲ್ಲಿ ಫೋನೋಗ್ರಾಫ್ ಹಿಡಿದು ಈ ಧಾಟಿಗಳನ್ನು ಧ್ವನಿಮುದ್ರಿಸಿ, 1914ರಿಂದ 1932ರ ನಡುವೆ ಹತ್ತು ಸಂಪುಟಗಳಲ್ಲಿ ಪ್ರಕಟಿಸಿದ. ಇವೆಲ್ಲದರ ಹಿಂದಿರುವ, ಜೆರುಸಲೇಮಿನ ಪ್ರಾಚೀನ ದೇವಾಲಯದ ಮೂಲ ಸಂಗೀತವನ್ನೇ ಗುರುತುಗಳಿಂದ ಓದಿ ತೆಗೆಯಬಹುದು ಎಂದು ಫ್ರಾನ್ಸಿನ ಸುಝಾನ್ ಹೈಕ್-ವಾಂತೂರಾ 1970ರ ದಶಕದಲ್ಲಿ ವಾದಿಸಿದರು. ಅವರ ಸ್ವರಲಿಪಿಗೆ ಕೇಳುಗರು ಸಿಕ್ಕರು, ವಿದ್ವಾಂಸರಲ್ಲಿ ಹೆಚ್ಚಿನವರ ಒಪ್ಪಿಗೆ ಸಿಗಲಿಲ್ಲ. ಮೂಲ ಸಿಕ್ಕಿಬಿಟ್ಟಿತು ಎಂಬ ಘೋಷಣೆಗೆ ಇರುವ ಆಕರ್ಷಣೆಯೇ ಬೇರೆ.

ಈ ಹಿನ್ನೆಲೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಹೀಬ್ರೂ ಬೈಬಲಿನಷ್ಟು ದೊಡ್ಡ ಗ್ರಂಥರಾಶಿ ಎದುರಿಗಿದ್ದರೂ ಆಧುನಿಕ ಸಂಯೋಜಕರು ಮತ್ತೆ ಮತ್ತೆ ತೆಹಿಲ್ಲೀಮ್ ಕಡೆಗೇ, ಅಂದರೆ 150 ಕೀರ್ತನೆಗಳ ಆ ಒಂದು ಪುಸ್ತಕದ ಕಡೆಗೇ ಏಕೆ ಹೋಗುತ್ತಾರೆ? ಕಾವ್ಯಗುಣ, ಕ್ರೈಸ್ತ ಜಗತ್ತಿಗೂ ಇರುವ ಪರಿಚಯ, ಇವು ಸುಲಭವಾಗಿ ಹೊಳೆಯುವ ಉತ್ತರಗಳು. ನನಗೆ ಮುಖ್ಯವೆನಿಸುವ ಕಾರಣ ಬೇರೆ. ಕೀರ್ತನೆಗಳು, ಜ್ಞಾನೋಕ್ತಿಗಳು, ಯೋಬ ಈ ಮೂರು ಪುಸ್ತಕಗಳಿಗೆ ಮಸೋರೆಟರು ಪ್ರತ್ಯೇಕವಾದ ಗುರುತುಗಳ ವ್ಯವಸ್ಥೆಯನ್ನು ಬಳಸಿದರು, ಮತ್ತು ಆ ಗುರುತುಗಳಂತೆ ಹಾಡುವ ಬಾಯಿಪಾಠದ ಪರಂಪರೆ ಪಾಶ್ಚಾತ್ಯ ಸಿನಗಾಗ್‌ಗಳಲ್ಲಿ, ಅಂದರೆ ಯಹೂದಿ ಪ್ರಾರ್ಥನಾಮಂದಿರಗಳಲ್ಲಿ, ಕಳೆದುಹೋಗಿದೆ. ಪುಟದ ಮೇಲೆ ಚಿಹ್ನೆಗಳು ಉಳಿದಿವೆ, ಅವನ್ನು ಹಾಡುವ ಬಾಯಿ ಇಲ್ಲ. ತೋರಾಕ್ಕೆ ಹೊಸ ಸ್ವರ ಹಾಕುವವನು ಪ್ರತಿ ವಾರ ಕೇಳಿಬರುತ್ತಿರುವ ಜೀವಂತ ಧಾಟಿಯೊಂದನ್ನು ಒರಸಿ ಅದರ ಮೇಲೆ ಬರೆಯಬೇಕಾಗುತ್ತದೆ. ಕೀರ್ತನೆಗೆ ಹಾಕುವವನಿಗೆ ಖಾಲಿ ಜಾಗ ಸಿಗುತ್ತದೆ.

ಇದನ್ನು ಬಾಯಿಬಿಟ್ಟು ಹೇಳಿದ ಸಂಯೋಜಕ ಅಮೆರಿಕದ ಸ್ಟೀವ್ ರೈಶ್. ಘಾನಾದ ಡೋಲುಗಳನ್ನೂ ಬಾಲಿಯ ಗಾಮೆಲಾನ್ ವಾದ್ಯಗಳನ್ನೂ ಕಲಿತು ಬಂದಿದ್ದ ಈತ 1970ರ ದಶಕದ ನಡುವಿನಲ್ಲಿ ತನ್ನ ಪೂರ್ವಿಕರ ಭಾಷೆಯತ್ತ ತಿರುಗಿ, ಹೀಬ್ರೂ ಕಲಿತು, ಜೆರುಸಲೇಮಿಗೆ ಹೋಗಿ ವಿವಿಧ ಸಮುದಾಯಗಳ ಹಿರಿಯರಿಂದ ತೋರಾಪಠನದ ಧಾಟಿಗಳನ್ನು ಕೇಳಿದ. ಅದರ ಫಲವಾಗಿ 1981ರಲ್ಲಿ ಬಂದ ಕೃತಿಯ ಹೆಸರು ತೆಹಿಲ್ಲೀಮ್ ಎಂದೇ. ಆದರೆ ಅದರಲ್ಲಿ ಆತ ಕಲಿತು ಬಂದ ಧಾಟಿಗಳಿಲ್ಲ. ಪಾಶ್ಚಾತ್ಯ ಸಿನಗಾಗ್‌ಗಳಲ್ಲಿ ಕೀರ್ತನೆಗಳ ಗಾಯನಪರಂಪರೆ ಅಳಿದಿರುವುದರಿಂದ, ಅನುಕರಿಸುವ ಅಥವಾ ಬಿಟ್ಟುಬಿಡುವ ಹಂಗಿಲ್ಲದೆ ಸ್ವಂತ ಸ್ವರಗಳನ್ನು ಹೆಣೆಯಲು ತನಗೆ ಸ್ವಾತಂತ್ರ್ಯ ಸಿಕ್ಕಿತು ಎಂಬುದು ಆತನ ವಿವರಣೆ; ಯೆಮೆನಿನ ಯಹೂದಿಗಳು ಆ ಪರಂಪರೆಯನ್ನು ಉಳಿಸಿಕೊಂಡಿದ್ದಾರೆ ಎಂಬುದನ್ನೂ ಆತ ಮರೆಯದೆ ಹೇಳುತ್ತಾನೆ.

ರೈಶ್ ಬಿಟ್ಟದ್ದು ಧಾಟಿಯನ್ನು ಮಾತ್ರ. ಲಯವನ್ನು ಆತ ಪಠ್ಯದಿಂದಲೇ ತೆಗೆದುಕೊಂಡ. ಹೀಬ್ರೂ ಕೀರ್ತನೆಗಳಿಗೆ ನಮ್ಮ ಷಟ್ಪದಿಯಂತಹ ಮಾತ್ರಾಗಣಗಳ ಕಟ್ಟಿಲ್ಲ. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಹೇಳುವ, ತಿರುಗಿಸುವ ಅಥವಾ ಹಿಗ್ಗಿಸುವ ಜೋಡಿಸಾಲುಗಳ ಕಟ್ಟು ಅವುಗಳದು. 'ಆಕಾಶಗಳು ದೇವರ ಮಹಿಮೆಯನ್ನು ಸಾರುತ್ತವೆ, ಗಗನವು ಆತನ ಕೈಕೆಲಸವನ್ನು ತಿಳಿಸುತ್ತದೆ' ಎಂಬ 19ನೇ ಕೀರ್ತನೆಯ ಆರಂಭ ಇದಕ್ಕೆ ಮಾದರಿ, ಮತ್ತು ರೈಶ್ ಕೃತಿಯ ಆರಂಭವೂ ಅದೇ. ಇಂತಹ ಸಾಲನ್ನು ನಾಲ್ಕು ಪೆಟ್ಟಿನ ಚೌಕಟ್ಟಿಗೆ ಹಿಡಿದು ತುರುಕಿದರೆ ಒತ್ತುಗಳು ಸ್ಥಳ ತಪ್ಪುತ್ತವೆ. ಹಾಗಾಗಿ ಆತ ಎರಡು ಮತ್ತು ಮೂರು ಎಣಿಕೆಯ ತುಣುಕುಗಳನ್ನು ಪದಗಳು ಬಂದ ಹಾಗೆ ಒಂದರ ಪಕ್ಕ ಒಂದು ಜೋಡಿಸಿದ. ತಾಳ ಪ್ರತಿ ಕ್ಷಣ ಬದಲಾಗುತ್ತಿರುತ್ತದೆ, ಹಾಡುವವರು ಎಣಿಸುತ್ತ ಬೆವರಬೇಕಾಗುತ್ತದೆ, ಕೇಳುವವರಿಗೆ ಮಾತ್ರ ಅದು ಲೀಲಾಜಾಲವಾದ ಓಟದಂತೆ ಕೇಳಿಸುತ್ತದೆ. ನಮ್ಮಲ್ಲಿ ಛಂದಸ್ಸಿನ ಹಂಗಿಲ್ಲದ ಶರಣರ ವಚನಗಳನ್ನು ರಾಗತಾಳಕ್ಕೆ ಕೂರಿಸುವಾಗ ಗಾಯಕರಿಗೆ ಎದುರಾಗುವುದೂ ಇದೇ ಸಮಸ್ಯೆ, ಆದರೆ ಅಲ್ಲಿ ಸಾಮಾನ್ಯವಾಗಿ ಗೆಲ್ಲುವುದು ತಾಳ.

ಆತ ಆರಿಸಿಕೊಂಡ ವಾಕ್ಯಗಳನ್ನು ಪಟ್ಟಿ ಮಾಡಿ ನೋಡಿದಾಗ ಇನ್ನೊಂದು ಸೂಕ್ಷ್ಮ ಕಣ್ಣಿಗೆ ಬೀಳುತ್ತದೆ. 19, 34, 18, 150 ಈ ನಾಲ್ಕು ಕೀರ್ತನೆಗಳಿಂದ ತೆಗೆದ ತುಣುಕುಗಳಲ್ಲಿ ಎಲ್ಲಿಯೂ ಯಹೂದಿಗಳು ಉಚ್ಚರಿಸದ ದೇವರ ಚತುರಕ್ಷರ ನಾಮ ಬರುವುದಿಲ್ಲ. ಏಲ್ ಎಂಬ ಸಾಮಾನ್ಯ ಪದವೂ ಹಲ್ಲೆಲೂಯಾದ ಕೊನೆಯಲ್ಲಿರುವ ಯಾ ಎಂಬ ಕಿರುರೂಪವೂ ಮಾತ್ರ ಇವೆ. ಇದು ಉದ್ದೇಶಪೂರ್ವಕವೋ ಕಾಕತಾಳೀಯವೋ ನಾನು ತೀರ್ಪು ಕೊಡಲಾರೆ, ಆದರೆ ಪರಿಣಾಮ ಸಣ್ಣದಲ್ಲ. ಪ್ರಾರ್ಥನೆಯಲ್ಲಿ ಆ ನಾಮದ ಬದಲಿಗೆ ಅದೋನಾಯ್ ಎನ್ನುತ್ತಾರೆ. ಪ್ರಾರ್ಥನೆಯ ಹೊರಗೆ ಅದನ್ನೂ ಬಳಸದೆ ಹಷೇಮ್, ಅಂದರೆ 'ಆ ಹೆಸರು', ಎಂದಷ್ಟೇ ಹೇಳುವುದು ಶ್ರದ್ಧಾವಂತರ ರೂಢಿ. ಕಛೇರಿ ಪ್ರಾರ್ಥನೆಯೇ? ತಾಲೀಮು ಪ್ರಾರ್ಥನೆಯೇ? ಗಾಯಕರು ಒಂದೇ ಸಾಲನ್ನು ಮೂವತ್ತು ಸಲ ತಿದ್ದಿ ಹಾಡುವ ಧ್ವನಿಮುದ್ರಣದ ಕೋಣೆಯಲ್ಲಿ ಏನು ಮಾಡಬೇಕು? ಇವು ಧರ್ಮನಿಷ್ಠ ಸಂಗೀತಗಾರರು ದಿನನಿತ್ಯ ಎದುರಿಸುವ ಪ್ರಶ್ನೆಗಳು.

ರೈಶ್‌ಗಿಂತ 16 ವರ್ಷ ಮೊದಲು ಅಮೆರಿಕದ ಇನ್ನೊಬ್ಬ ಸಂಯೋಜಕ ಲೆನಾರ್ಡ್ ಬರ್ನ್‌ಸ್ಟೈನ್ ಹಿಡಿದ ದಾರಿ, ಲಯವನ್ನು ಪಠ್ಯದಿಂದಲೇ ತೆಗೆಯುವ ಕ್ರಮಕ್ಕೆ ನೇರ ವಿರುದ್ಧವಾದದ್ದು. ಇಂಗ್ಲೆಂಡಿನ ಚಿಚೆಸ್ಟರ್ ಕೆಥೆಡ್ರಲ್‌ನ ಡೀನ್ ವಾಲ್ಟರ್ ಹಸ್ಸಿ ತಮ್ಮ ಉತ್ಸವಕ್ಕೆ ಕೃತಿಯೊಂದನ್ನು ಕೇಳುವಾಗ, ಬರ್ನ್‌ಸ್ಟೈನ್‌ನದೇ 'ವೆಸ್ಟ್ ಸೈಡ್ ಸ್ಟೋರಿ' ಸಂಗೀತನಾಟಕದ ಛಾಯೆ ಅದರಲ್ಲಿದ್ದರೆ ತಮಗೆ ಸಂತೋಷವೇ ಎಂದು ಬರೆದಿದ್ದರು. 1965ರ ಜುಲೈನಲ್ಲಿ ಮೊದಲ ಪ್ರದರ್ಶನ ಕಂಡ 'ಚಿಚೆಸ್ಟರ್ ಸಾಮ್ಸ್' ಆ ಆಸೆಯನ್ನು ಅಕ್ಷರಶಃ ಪೂರೈಸಿತು. ಅದರ ಎರಡನೇ ಭಾಗದಲ್ಲಿ ಬಾಲಗಾಯಕನೊಬ್ಬ 'ಕರ್ತನು ನನ್ನ ಕುರುಬನು' ಎಂಬ 23ನೇ ಕೀರ್ತನೆಯನ್ನು ಹೀಬ್ರೂವಿನಲ್ಲಿ ಹಾಡುತ್ತಾನೆ. ನಡುವೆ ಗಂಡುದನಿಗಳು 2ನೇ ಕೀರ್ತನೆಯ 'ಜನಾಂಗಗಳು ದೊಂಬಿ ಮಾಡುವುದೇಕೆ' ಎಂಬ ಸಾಲಿನೊಂದಿಗೆ ಸಿಡಿದು ನುಗ್ಗುತ್ತವೆ. ಆ ದೊಂಬಿಯ ಸಂಗೀತ 'ವೆಸ್ಟ್ ಸೈಡ್ ಸ್ಟೋರಿ'ಯಿಂದ ಕೈಬಿಟ್ಟಿದ್ದ ಬೀದಿಜಗಳದ ಹಾಡಿನದು. ಕುರುಬನ ಮಧುರವಾದ ಸ್ವರವೂ ಆತ ಅರ್ಧಕ್ಕೆ ನಿಲ್ಲಿಸಿದ ಇನ್ನೊಂದು ಸಂಗೀತನಾಟಕದ್ದು. ಅಂದರೆ ಇಲ್ಲಿ ಸ್ವರ ಮೊದಲೇ ಇತ್ತು, ಇಂಗ್ಲಿಷ್ ಪದಗಳನ್ನು ಕಳಚಿ ಅದಕ್ಕೆ ಹೀಬ್ರೂ ಪದಗಳನ್ನು ತೊಡಿಸಲಾಯಿತು.

ಇದನ್ನು ತಿಳಿದ ಕೂಡಲೇ ರೈಶ್ ನಿಷ್ಠಾವಂತ, ಬರ್ನ್‌ಸ್ಟೈನ್ ಹಗುರದವನು ಎಂದು ಷರಾ ಬರೆಯುವುದು ಸುಲಭ. ಆದರೆ ಕೀರ್ತನೆಗಳ ತಲೆಬರಹಗಳನ್ನು ಗಮನಿಸಿದರೆ ಹಾಗೆ ಮಾಡಲು ಕೈ ಬರುವುದಿಲ್ಲ. 22ನೇ ಕೀರ್ತನೆಯ ಮೇಲೆ 'ಉಷೆಯ ಜಿಂಕೆ' ಎಂದಿದೆ, 57ರಿಂದ 59ರವರೆಗಿನ ಕೀರ್ತನೆಗಳ ಮೇಲೂ 75ರ ಮೇಲೂ 'ನಾಶಮಾಡಬೇಡ' ಎಂದಿದೆ. ಇವಕ್ಕೂ ಕೆಳಗಿನ ಕೀರ್ತನೆಯ ಅರ್ಥಕ್ಕೂ ಸಂಬಂಧ ಕಾಣದಿರುವುದರಿಂದ, ಅಂದು ಎಲ್ಲರಿಗೂ ಗೊತ್ತಿದ್ದ ಹಾಡುಗಳ ಹೆಸರುಗಳಿವು, ಆ ಹಾಡಿನ ಧಾಟಿಯಲ್ಲಿ ಇದನ್ನು ಹಾಡಿರಿ ಎಂಬ ಸೂಚನೆಗಳಿವು ಎಂಬುದು ಅನೇಕ ವಿದ್ವಾಂಸರ ಊಹೆ. ಕನ್ನಡದಲ್ಲಿ ಇದಕ್ಕೆ ಮಟ್ಟು ಎಂಬ ಒಳ್ಳೆಯ ಪದವೇ ಇದೆ. ಇಂಥ ಹಾಡಿನ ಮಟ್ಟು ಎಂದು ತಲೆಯ ಮೇಲೆ ಬರೆದುಕೊಂಡ ಪದಗಳ ಹಳೆಯ ಪುಸ್ತಕಗಳನ್ನು ನೋಡಿದವರಿಗೆ ಇದು ಕೂಡಲೇ ಹಿಡಿಸುತ್ತದೆ. ಆ ಊಹೆ ನಿಜವಾದರೆ, ಇರುವ ಸ್ವರಕ್ಕೆ ಪವಿತ್ರ ಪದವನ್ನು ಕೂರಿಸಿದ ಬರ್ನ್‌ಸ್ಟೈನ್ ಪರಂಪರೆಯನ್ನು ಮುರಿದವನಲ್ಲ, ಬಹುಶಃ ರೈಶ್‌ಗಿಂತಲೂ ಹಳೆಯದೊಂದು ಪದ್ಧತಿಯನ್ನು ಪಾಲಿಸಿದವನು. ಮೊದಲ ಭಾಗದಲ್ಲಿ 100ನೇ ಕೀರ್ತನೆಗೆ ಆತ ಇಟ್ಟ ಏಳೆಣಿಕೆಯ ಕುಣಿತ ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಒಂದಿಷ್ಟೂ ವಿಚಿತ್ರವೆನಿಸುವುದಿಲ್ಲ ಎಂಬುದು ಬೇರೆ ಮಾತು.

ಖಾಲಿ ಜಾಗವನ್ನು ಬಿಟ್ಟು ತೋರಾದ ಕಥನಕ್ಕೇ ಕೈಹಾಕಿದ ದೊಡ್ಡ ಹೆಸರು ರಷ್ಯಾ ಮೂಲದ ಸಂಯೋಜಕ ಸ್ಟ್ರಾವಿನ್‌ಸ್ಕಿಯದು. ಅಬ್ರಹಾಮನು ಮಗ ಇಸಾಕನನ್ನು ಬಲಿಗೆ ಕರೆದೊಯ್ಯುವ ಆದಿಕಾಂಡದ 22ನೇ ಅಧ್ಯಾಯವನ್ನು ಒಬ್ಬ ಗಾಯಕ ಮತ್ತು ಸಣ್ಣ ವಾದ್ಯವೃಂದಕ್ಕಾಗಿ ಸಂಯೋಜಿಸಿದ ಆತನ ಕೃತಿ 1964ರಲ್ಲಿ ಜೆರುಸಲೇಮಿನಲ್ಲಿ ಮೊದಲು ಕೇಳಿಬಂತು. ಆತನಿಗೆ ಹೀಬ್ರೂ ಬರುತ್ತಿರಲಿಲ್ಲ. ಚಿಂತಕ ಐಸಾಯಾ ಬರ್ಲಿನ್ ಪಠ್ಯವನ್ನು ಓದಿ ಉಚ್ಚಾರವನ್ನೂ ಅರ್ಥವನ್ನೂ ಹೇಳಿಕೊಟ್ಟರು. ಭಾಷೆ ಬಾರದವನು ಪಠ್ಯವನ್ನು ಸಲೀಸಾಗಿ ತಿರುಚಿರುತ್ತಾನೆ ಎಂದು ನಾವು ಅಂದುಕೊಂಡರೆ, ಆದದ್ದು ಇದಕ್ಕೆ ವಿರುದ್ಧ. ಹೀಬ್ರೂ ಅಕ್ಷರಗಳ ಒತ್ತೂ ನಾದವೂ ಸಂಯೋಜನೆಯ ಅಂಗವೇ ಆಗಿರುವುದರಿಂದ ಈ ಕೃತಿಯನ್ನು ಬೇರೆ ಭಾಷೆಯಲ್ಲಿ ಹಾಡಲೇಬಾರದು ಎಂದು ಆತ ಪಟ್ಟುಹಿಡಿದ.

ಬರೆಯುವ ಕಷ್ಟವೂ ಹಳೆಯದೇ. ಪಾಶ್ಚಾತ್ಯ ಸ್ವರಲಿಪಿ ಎಡದಿಂದ ಬಲಕ್ಕೆ ಹೋಗುತ್ತದೆ, ಹೀಬ್ರೂ ಬಲದಿಂದ ಎಡಕ್ಕೆ. ಮಾಂಟುವಾದ ಆಸ್ಥಾನದಲ್ಲಿ ಸಂಗೀತಗಾರನಾಗಿದ್ದ ಯಹೂದಿ ಸಾಲಮೋನೆ ರೊಸ್ಸಿ 1622-23ರಲ್ಲಿ ವೆನಿಸ್‌ನಲ್ಲಿ ತನ್ನ 33 ಹೀಬ್ರೂ ಗೀತೆಗಳನ್ನು ಅಚ್ಚು ಹಾಕಿಸಿದಾಗ, ಸ್ವರಗಳನ್ನು ಎಡದಿಂದ ಬಲಕ್ಕೇ ಇಟ್ಟು, ಕೆಳಗಿನ ಪ್ರತಿ ಪದವನ್ನು ಮಾತ್ರ ಒಡೆಯದೆ ಬಲದಿಂದ ಎಡಕ್ಕೆ ಇಡಲಾಯಿತು. ಯಾವ ಅಕ್ಷರ ಯಾವ ಸ್ವರಕ್ಕೆ ಎಂಬುದನ್ನು ಹಾಡುವವನ ಜಾಣತನಕ್ಕೆ ಬಿಡಲಾಯಿತು. ಸಿನಗಾಗ್‌ನಲ್ಲಿ ಇಂತಹ ಬಹುಧ್ವನಿಯ ಗಾಯನ ಸಲ್ಲುತ್ತದೆಯೇ ಎಂಬ ಆಕ್ಷೇಪಕ್ಕೆ ರಬ್ಬಿ ಲಿಯೋನ್ ಮೊಡೆನಾ ಬರೆದ ಸಮರ್ಥನೆಯನ್ನೂ ಅದೇ ಪುಸ್ತಕದಲ್ಲಿ ಸೇರಿಸಬೇಕಾಯಿತು. ಇಂದಿನ ಗಾಯಕವೃಂದಗಳಿಗೆ ಕೊಡುವ ಪ್ರತಿಗಳಲ್ಲಿ ಸಾಮಾನ್ಯವಾಗಿ ಹೀಬ್ರೂ ಲಿಪಿಯನ್ನೇ ಕೈಬಿಟ್ಟು ರೋಮನ್ ಲಿಪಿಯಲ್ಲಿ ಪದಗಳನ್ನು ಕೊಡುತ್ತಾರೆ.

ಇಸ್ರೇಲಿನ ಜನಪ್ರಿಯ ಸಂಗೀತಕ್ಕೆ ಬಂದಾಗ ಸಮಸ್ಯೆಯ ಸ್ವರೂಪ ಬದಲಾಗುತ್ತದೆ, ಏಕೆಂದರೆ ಅಲ್ಲಿ ಪಠ್ಯದ ಭಾಷೆಯೇ ಸಂತೆಯ ಭಾಷೆ. ಇದಾನ್ ರೈಖೆಲ್‌ನ 2005ರ ಹಾಡೊಂದು 130ನೇ ಕೀರ್ತನೆಯ 'ಆಳದಿಂದ ನಿನ್ನನ್ನು ಕೂಗಿದೆನು' ಎಂಬ ಮಾತಿನಿಂದ ಆರಂಭವಾಗುತ್ತದೆ. ಅದೇ ಕೀರ್ತನೆಯನ್ನು ಸಂಯೋಜಕ ಅರ್ನಾಲ್ಡ್ ಶೋನ್‌ಬರ್ಗ್ ತನ್ನ ಬದುಕಿನ ಕೊನೆಯಲ್ಲಿ, 1950ರಲ್ಲಿ, ಮಾತೂ ಹಾಡೂ ಏಕಕಾಲಕ್ಕೆ ಒಂದರ ಮೇಲೊಂದು ಬೀಳುವ ಕಠೋರವಾದ ಗಾಯನವೃಂದಕ್ಕೆ ಬರೆದಿದ್ದ. ರೈಖೆಲ್ ಮಾಡಿದ್ದು ಒಂದು ಪ್ರತ್ಯಯದ ಬದಲಾವಣೆ. ಹೀಬ್ರೂವಿನಲ್ಲಿ 'ನೀನು' ಎಂಬುದಕ್ಕೂ ಲಿಂಗಭೇದವಿದೆ. ಕೀರ್ತನೆಯ ಕೂಗು ಪುಲ್ಲಿಂಗದ ದೇವರಿಗೆ, ಹಾಡಿನ ಕೂಗು ಸ್ತ್ರೀಲಿಂಗದ ಪ್ರಿಯೆಗೆ. ಕನ್ನಡಕ್ಕೆ ಅನುವಾದಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಹೀಬ್ರೂ ಬಲ್ಲ ಕೇಳುಗನಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ಅದೇ ಕಲಾವಿದನ ಇನ್ನೊಂದು ಹಾಡು ಪರಮಗೀತದ ಸಾಲುಗಳಿಂದಲೇ ಕಟ್ಟಿದ್ದು. ತಾಲ್ಮುಡ್‌ನ ದೂರು ಹೆಸರು ಹಿಡಿದು ಹೇಳಿದ್ದ ಪುಸ್ತಕ ಅದು. ದೇವರು ಮತ್ತು ಇಸ್ರೇಲ್ ಜನರ ನಡುವಿನ ಪ್ರೇಮ ಎಂದು ರಬ್ಬಿಗಳು ಓದಿದ್ದನ್ನು ಈ ಹಾಡು ಮತ್ತೆ ಗಂಡು ಹೆಣ್ಣಿನ ಪ್ರೇಮಕ್ಕೆ ಮರಳಿಸುತ್ತದೆ. ಇದು ಅಪವಿತ್ರಗೊಳಿಸುವುದೋ, ಪಠ್ಯದ ಮೇಲ್ಮೈ ಅರ್ಥಕ್ಕೆ ನಿಷ್ಠವಾಗಿರುವುದೋ ಎಂಬುದು ಬೇಗ ಮುಗಿಯುವ ವಾದವಲ್ಲ.

ಪಠ್ಯ ಬೈಬಲಿನದ್ದಲ್ಲವಾದರೂ ಇಸ್ರೇಲಿನ ಗಾಯಕಿ ಓಫ್ರಾ ಹಾಝಾಳ ಉದಾಹರಣೆ ಇಲ್ಲಿ ಅಗತ್ಯ. 17ನೇ ಶತಮಾನದ ಯೆಮೆನ್ ಕವಿ ಶಾಲೋಮ್ ಶಬಾಝಿಯ 'ಇಮ್ ನಿನ್‌ಆಲು' ಎಂಬ ಭಕ್ತಿಗೀತೆಯನ್ನು ಆಕೆ 1984ರ ಧ್ವನಿಸುರುಳಿಯಲ್ಲಿ ಹಾಡಿದಳು. ಶ್ರೀಮಂತರ ಬಾಗಿಲು ಮುಚ್ಚಿದರೂ ಸ್ವರ್ಗದ ಬಾಗಿಲು ಮುಚ್ಚುವುದಿಲ್ಲ ಎಂಬ ಆ ಪದ್ಯ 1988ರಲ್ಲಿ ನೃತ್ಯಸಂಗೀತದ ರೂಪ ತಾಳಿ ಯೂರೋಪಿನ ಜನಪ್ರಿಯಪಟ್ಟಿಗಳ ಮೇಲಕ್ಕೇರಿತು. ಕುಣಿಯುವ ಕೋಣೆಗೆ ದೇವರ ಪದ ಹೋಯಿತು ಎಂಬುದಷ್ಟೇ ಇಲ್ಲಿನ ಪಲ್ಲಟವಲ್ಲ. ಯೆಮೆನಿನ ಯಹೂದಿಗಳಲ್ಲಿ ದಿವಾನ್ ಎಂದು ಕರೆಯುವ ಈ ಹೀಬ್ರೂ ಪದ್ಯಗಳು ಗಂಡಸರ ಕೂಟದ ಆಸ್ತಿ. ಹೆಂಗಸರ ಹಾಡುಗಳು ಬೇರೆ, ಅವುಗಳ ಭಾಷೆ ಅರಬ್ಬಿ. ಹೆಣ್ಣುದನಿಯನ್ನು ಗಂಡಸರು ಕೇಳುವುದರ ಮೇಲೆ ತಾಲ್ಮುಡ್‌ನ ಒಂದು ಮಾತಿನಿಂದ ಬೆಳೆದ ನಿರ್ಬಂಧ ಕಟ್ಟುನಿಟ್ಟಿನ ಸಮುದಾಯಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ರೈಶ್‌ನ ಕೃತಿಯನ್ನು ಹಾಡುವವರು ನಾಲ್ವರು ಮಹಿಳೆಯರು, ಅವರ ಜೊತೆಗಿರುವುದು ಗೆಜ್ಜೆಯಿಲ್ಲದ ಸಣ್ಣ ಕೈದಮ್ಮಡಿಗಳು. ಇದು ಹೊಸತನವೆನಿಸಿದರೆ ವಿಮೋಚನಕಾಂಡದ 15ನೇ ಅಧ್ಯಾಯವನ್ನು ತೆರೆಯಬಹುದು: ಸಮುದ್ರ ದಾಟಿದ ಮಿರ್ಯಾಮಳು ತೋಫ್ ಎಂಬ ದಮ್ಮಡಿ ಹಿಡಿದು ಹೆಂಗಸರನ್ನೆಲ್ಲ ಹಾಡಿಸುತ್ತಾಳೆ.

ಧರ್ಮನಿಷ್ಠರ ಒಳಗಿನಿಂದಲೇ ಬಂದು ಎಲ್ಲರನ್ನೂ ತಲುಪಿದವನು ಇಸ್ರೇಲಿನ ಗಾಯಕ ಇಷಾಯ್ ರಿಬೋ. 2019ರ 'ಸೇದೆರ್ ಹಾಅವೋದಾ' ಎಂಬ ಆತನ ಹಾಡು ಪ್ರಾಯಶ್ಚಿತ್ತದ ದಿನದಂದು ಜೆರುಸಲೇಮಿನ ದೇವಾಲಯದಲ್ಲಿ ಮಹಾಯಾಜಕನು ನಡೆಸುತ್ತಿದ್ದ ವಿಧಿಯ ವರ್ಣನೆ. ರಕ್ತ ಪ್ರೋಕ್ಷಿಸುವಾಗ ಯಾಜಕನು 'ಒಂದು, ಒಂದು ಮತ್ತು ಒಂದು, ಒಂದು ಮತ್ತು ಎರಡು' ಎಂದು ಎಣಿಸುತ್ತಿದ್ದ ಪ್ರಾಚೀನ ಎಣಿಕೆಯನ್ನು ರಿಬೋ ಹಾಗೆಯೇ ಉಳಿಸಿಕೊಂಡು, ಅದನ್ನು ಮನುಷ್ಯನು ತನ್ನ ತಪ್ಪುಗಳನ್ನು ಎಣಿಸುವ ಲೆಕ್ಕವಾಗಿ ತಿರುಗಿಸುತ್ತಾನೆ. ಇಡೀ ವರ್ಷ ಸಿನಗಾಗ್‌ನ ಮೆಟ್ಟಿಲು ಹತ್ತದವರೂ ಈ ಪದಗಳನ್ನು ಬಾಯಿಪಾಠ ಹೇಳುತ್ತಾರೆ, ಇತ್ತ ಸಿನಗಾಗ್‌ಗಳ ಒಳಗೂ ಆ ಸ್ವರ ಪ್ರಾರ್ಥನೆಯ ಧಾಟಿಯಾಗಿ ನುಸುಳಿದೆ. ಹೊರಗೆ ಹೋದ ಪಠ್ಯ ಹೊಸ ಮಟ್ಟು ಹೊತ್ತು ಮನೆಗೆ ಮರಳುವುದು ಹೀಗೆ.

ಎಲ್ಲರೂ ಮೌನವಾಗಿ ಮಾಡುವ ಇನ್ನೊಂದು ಕೆಲಸವಿದೆ, ಅದು ಕತ್ತರಿಸುವುದು. ಬರ್ನ್‌ಸ್ಟೈನ್ 2ನೇ ಕೀರ್ತನೆಯನ್ನು ನಾಲ್ಕನೇ ವಾಕ್ಯಕ್ಕೆ ನಿಲ್ಲಿಸಿದ. ಕಬ್ಬಿಣದ ಗದೆಯಿಂದ ಜನಾಂಗಗಳನ್ನು ಗಡಿಗೆಯಂತೆ ಒಡೆಯುವ ಮಾತು ಅದರ ಮುಂದೆ ಇದೆ. ಭಾರತದಲ್ಲೂ ಒಂದು ಕಾಲಕ್ಕೆ ಮನೆಮನೆಯ ಟೇಪ್‌ರೆಕಾರ್ಡರಿನಲ್ಲಿ ಕೇಳಿಸುತ್ತಿದ್ದ 'ರಿವರ್ಸ್ ಆಫ್ ಬ್ಯಾಬಿಲೋನ್' ಹಾಡು, 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ತಂಡ ಹಾಡಿ 1978ರಲ್ಲಿ ಬೋನಿ ಎಂ ತಂಡ ಜಗತ್ಪ್ರಸಿದ್ಧಗೊಳಿಸಿದ್ದು, 137ನೇ ಕೀರ್ತನೆಯ ಮೊದಲ ವಾಕ್ಯಗಳ ಇಂಗ್ಲಿಷ್ ರೂಪ. ಪರದೇಶದಲ್ಲಿ ಕರ್ತನ ಹಾಡನ್ನು ಹೇಗೆ ಹಾಡೋಣ ಎಂಬಲ್ಲಿಗೆ ಅದು ಆ ಕೀರ್ತನೆಯನ್ನು ಬಿಟ್ಟು, 19ನೇ ಕೀರ್ತನೆಯ ಕೊನೆಯ ಸೌಮ್ಯವಾದ ವಾಕ್ಯಕ್ಕೆ ಜಿಗಿಯುತ್ತದೆ. ಬಿಟ್ಟದ್ದರ ಕೊನೆಯಲ್ಲಿರುವುದು ಬ್ಯಾಬಿಲೋನಿನ ಮಕ್ಕಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂಬ ಭೀಕರ ಶಾಪ. ಸಂಗೀತವು ಪಠ್ಯವನ್ನು ಮೆದುಗೊಳಿಸಿತು ಎಂದು ಹೊಗಳುವವರಿದ್ದಾರೆ. ನನಗೇನೋ ಇಲ್ಲಿ ಸಂಯೋಜಕನ ಲೇಖನಿಗಿಂತ ಕತ್ತರಿ ಹೆಚ್ಚು ಕೆಲಸ ಮಾಡಿದೆ ಎನಿಸುತ್ತದೆ. ಯುದ್ಧದ ಸದ್ದಿನ ನಡುವೆ ಈ ಕೀರ್ತನೆಗಳನ್ನು ಮತ್ತೆ ಹಾಡುತ್ತಿರುವ ಈ ವರ್ಷಗಳಲ್ಲಿ, ಯಾರು ಎಲ್ಲಿ ಕತ್ತರಿಸಿದರು ಎಂಬುದನ್ನು ಕೇಳುಗರು ಗಮನಿಸಲೇಬೇಕು.

ರೈಶ್ 2023ರಲ್ಲಿ ಮತ್ತೆ ಹೀಬ್ರೂ ಪಠ್ಯಕ್ಕೆ ಮರಳಿದ. ಈ ಸಲ ಆರಿಸಿಕೊಂಡದ್ದು ಯಾಕೋಬನು ಕಂಡ ಏಣಿಯ ಕನಸು, ಅಂದರೆ ತೋರಾದ್ದೇ ವಾಕ್ಯ, ಅದೂ ಆದಿಕಾಂಡ 28ರ ಒಂದೇ ಒಂದು ವಾಕ್ಯ. ಆದರೆ ಆತನ ಹೆಸರಿಗೆ ಅಂಟಿಕೊಂಡಿರುವುದು ಇಂದಿಗೂ ತೆಹಿಲ್ಲೀಮ್‌ನ ಮುಕ್ತಾಯವೇ. ಅಲ್ಲಿ 150ನೇ ಕೀರ್ತನೆಯ 'ದಮ್ಮಡಿಯಿಂದಲೂ ಕುಣಿತದಿಂದಲೂ ಆತನನ್ನು ಸ್ತುತಿಸಿರಿ' ಎಂಬ ಸಾಲು ದಮ್ಮಡಿಯ ಸದ್ದಿನೊಂದಿಗೇ ಏರುತ್ತದೆ. ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ಬೆಳಿಗ್ಗೆ ಸಂಪ್ರದಾಯನಿಷ್ಠರ ಆರ್ಥೊಡಾಕ್ಸ್ ಸಿನಗಾಗ್‌ನಲ್ಲಿ ಕೂತವರು ಇದೇ ಕೀರ್ತನೆಯ ವಾದ್ಯಗಳ ಪಟ್ಟಿಯನ್ನು ಒಂದೂ ಬಿಡದೆ ಹೇಳುತ್ತಾರೆ: ಕೊಂಬು, ವೀಣೆ, ಕಿನ್ನರಿ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ. ಆ ದಿನ ವಾದ್ಯ ನುಡಿಸುವುದು ನಿಷಿದ್ಧವಾದ್ದರಿಂದ ಅಲ್ಲಿ ಅವುಗಳಲ್ಲಿ ಒಂದೂ ಇರುವುದಿಲ್ಲ.